ಖಾನಾಪುರದಿಂದ ವಾಪಸಾದ ಪಿನ್ನುಗಳು

ಮೂರನೆಯ ಸಲವೂ ಪಿನ್ನುಗಳು ಖಾನಾಪುರದಿಂದ ವಾಪಸಾದವು. ತಕರಾರು ಅದೇ: ಯಂತ್ರದಲ್ಲಿ ಕೂರುವುದಿಲ್ಲ.

ಪ್ರಮಿಳಾ ಪೆಟ್ಟಿಗೆ ಬಿಚ್ಚಿ ಮತ್ತೆ ಅಳೆದಳು. ಉದ್ಯಮಬಾಗದ ಆ ಸಣ್ಣ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿ ಕಳಿಸುವುದು ಅವಳ ಕೆಲಸ. ಉದ್ದ, ದಪ್ಪ, ತೂತು, ಎಲ್ಲವೂ ಡ್ರಾಯಿಂಗಿನಂತೆಯೇ ಇದ್ದವು. ಡ್ರಾಯಿಂಗು ಕೊಟ್ಟದ್ದೂ ಗಿರಾಕಿಯೇ. ಯಾವ ಯಂತ್ರಕ್ಕೆ ಎಂದು ಇಲ್ಲಿ ಯಾರೂ ಕೇಳಿರಲಿಲ್ಲ. ಹಾಗೆ ಕೇಳುವ ಪದ್ಧತಿಯೂ ಇಲ್ಲ.

ಮಾಲಕ ಗುರುಪಾದಪ್ಪ ಪೆಟ್ಟಿಗೆಯತ್ತ ನೋಡಲೂ ಇಲ್ಲ. "ನೀನಽ ಹೋಗಿ ಒಪ್ಪಿಸಿ ಬಾ. ಇನ್ನೊಮ್ಮಿ ಇವು ವಾಪಸ್ ಬಂದ್ರ, ನೀ ಕೆಲಸಕ್ಕ ಬರಬ್ಯಾಡ."

ಡಿಪ್ಲೊಮಾ ಮುಗಿಸಿ ಚಪ್ಪಲಿ ಸವೆಸಿದ ಮೇಲೆ ಸಿಕ್ಕ ಕೆಲಸ ಅದು.

ಗಿರಾಕಿ ಎಂದರೆ ಖಾನಾಪುರದ ಒಂದು ಹಂಚಿನ ಕಾರ್ಖಾನೆ. ಅವಳ ಅವ್ವ ಸಾವಂತ್ರವ್ವ ಅಲ್ಲಿಯೇ ಹಸಿ ಹಂಚು ಹೊತ್ತು ಮಗಳನ್ನು ಓದಿಸಿದ್ದಳು. ಪಟ್ಟಣಕ್ಕೆ ಬಂದು ಮಹಾಂತೇಶ ನಗರದಲ್ಲಿ ಕೋಣೆ ಹಿಡಿದ ಮಗಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾಚಿಕೆ. ತನ್ನ ಕೆಲಸದ ತಾಪತ್ರಯವನ್ನು ಅವ್ವನಿಗೂ ಹೇಳಿದವಳಲ್ಲ.

ಹಂಚಿನ ಕಾರ್ಖಾನೆಯಲ್ಲಿ ಮಾಲು ಒಪ್ಪಿಕೊಳ್ಳುವವನು ರಾಮಲಿಂಗ. ಅವನೆದುರೇ ಒಂದೊಂದಾಗಿ ಅಳೆದು ತೋರಿಸಿದಳು.

"ಅಳತಿ ಬರೋಬ್ಬರಿ ಅದಾವ್ರಿ ಮೇಡಂ," ಎಂದ ಅವನು, ಕಿಟಕಿಯಾಚೆ ನೋಡುತ್ತ. "ಆದ್ರ ಕುಂದರೂದಿಲ್ಲ."

"ಹಂಗಾರ ನನ್ನ ಮುಂದ ಒಂದು ಹಾಕಿ ತೋರಸ್ರಿ."

ಅವನು ಏಳಲಿಲ್ಲ. ಇಂಥ ಮೊಂಡನ ಕೈಯಲ್ಲಿ ತನ್ನ ಅನ್ನ ಸಿಕ್ಕಿಕೊಂಡಿತಲ್ಲ ಎಂದು ಪ್ರಮಿಳಾಳಿಗೆ ಮೈಯೆಲ್ಲ ಉರಿಯಿತು. ಕಣ್ಣೀರೂ ಬಂತು. ಇವು ವಾಪಸಾದರೆ ತನ್ನ ಕೆಲಸ ಹೋಗುತ್ತದೆ ಎಂದು ಹೇಳಿಯೇಬಿಟ್ಟಳು.

ರಾಮಲಿಂಗ ಆಗ ಅವಳ ಮುಖ ನೋಡಿದ. "ಯಾರ ಮಗಳವಾ ನೀ?"

"ಸಾವಂತ್ರವ್ವನ ಮಗಳು."

ಅವನು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಮಾಲು ಒಪ್ಪಿ ಸಹಿ ಹಾಕಿದ. "ನಿಮ್ಮವ್ವಗ ಹೇಳು, ನಿನ್ನ ಸಲುವಾಗಿ ಮಾಡೇನಿ ಅಂತ."

ಗುರುತು ಸಿಕ್ಕೊಡನೆ ಪಿನ್ನೂ ಕೂತಿತು! ಮಂದಿ ಹೀಗೇ ಎಂದು ಪ್ರಮಿಳಾ ಒಳಗೊಳಗೇ ಬೈದುಕೊಂಡಳು. ಎಸ್‌ಟಿಡಿ ಬೂತಿನಿಂದ ಗುರುಪಾದಪ್ಪನಿಗೆ ಸುದ್ದಿ ಮುಟ್ಟಿಸಿ, ಅಲ್ಲೇ ಊರಲ್ಲಿದ್ದ ಅವ್ವನ ಮನೆಗೆ ಹೋದಳು.

ಪಾಳಿ ಮುಗಿಸಿ ಬಂದ ಅವ್ವ ಚಹಾ ಕುಡಿಯುತ್ತಿದ್ದಳು. ಪ್ರಮಿಳಾ ನಡೆದದ್ದೆಲ್ಲ ಹೇಳಿದಳು. ನಿನ್ನ ಹೆಸರಿನಿಂದ ನನ್ನ ಕೆಲಸ ಉಳಿಯಿತು ಎಂದಳು. ಹಾಗೆನ್ನುವಾಗ ನಾಚಿಕೆಯೆಲ್ಲ ಹೋಗಿ, ಅವ್ವನ ಮೇಲೆ ನಿಜವಾಗಿಯೂ ಹೆಮ್ಮೆ ಎನಿಸಿತು.

ಸಾವಂತ್ರವ್ವ ಚಹಾ ಕೆಳಗಿಟ್ಟಳು.

"ಆ ಪಿನ್ನು ಹಂಚು ಸಾಗಸೂ ಹೊಸಾ ಮಷೀನಿಂದು, ಮಗಳ. ಅದು ಚಾಲೂ ಆದ ದಿನಾ ಹೊರೂ ಹೆಣ್ಣಮಕ್ಕಳ್ನೆಲ್ಲಾ ತಗದ ಹಾಕ್ತಾರ. ಹೆಂಗಾರ ಮಾಡಿ ಅವನ್ನ ಹೊಳ್ಳಿ ಕಳಸ್ರಿ ಅಂತ ರಾಮಲಿಂಗನ ಕಾಲ ಹಿಡದಾಕಿ ನಾನಽ."