ಸ್ಲೈಡಿನ ಅಡಿಯಲ್ಲಿ

ಚೀಟಿ ಕೀಬೋರ್ಡಿನ ಮೇಲೆ ಬಿದ್ದಿತ್ತು. ವಿಜ್ಞಾನದ ಮೇಷ್ಟ್ರು ಅದನ್ನು ಓದಿದರು, ಬಾಗಿಲ ಕಡೆ ನೋಡಿದರು, ಮತ್ತೆ ಓದಿದರು.

“ನಾಳೆಯ ಫೈಲನ್ನು ಹೀಗೇ ತೆರೆಯಬೇಡಿ. ‘ಸೇವ್ ಆಸ್’ ಒತ್ತಿ, ‘ಶೋ’ ಎಂಬ ಬಗೆಯಲ್ಲಿ ಉಳಿಸಿ. ಆಮೇಲೆ ಕ್ಲಿಕ್ ಮಾಡಿದರೆ ನೇರವಾಗಿ ಪರದೆ ತುಂಬ ಸ್ಲೈಡೇ ಬರುತ್ತದೆ. ಅಡಿಯಲ್ಲಿ ಬರೆದದ್ದು ಯಾರಿಗೂ ಕಾಣುವುದಿಲ್ಲ.”

ಪೆನ್ಸಿಲ್ಲಿನ ಬರಹ. ಹೆಸರಿಲ್ಲ. ಪ್ರತಿ ವಾಕ್ಯದ ಕೊನೆಗೆ ಚುಕ್ಕಿಯ ಬದಲು ಒಂದು ಪುಟ್ಟ ಸೊನ್ನೆ.

ಅಂದರೆ ಯಾರೋ ಓದಿದ್ದಾರೆ.

ಅಡಿಯಲ್ಲಿ ಏನಿತ್ತು ಎಂಬುದನ್ನು ಹೇಳಿಬಿಡಬೇಕು. ನಾಳೆ ಹೆಡ್‌ಮಾಸ್ತರರ ಬೀಳ್ಕೊಡುಗೆ. ಅವರನ್ನು ಹನ್ನೆರಡು ಸ್ಲೈಡುಗಳಲ್ಲಿ ಹೊಗಳುವ ಕೆಲಸ ಮೇಷ್ಟ್ರ ಪಾಲಿಗೆ ಬಂದಿತ್ತು. ಬರೀ ಹೊಗಳಿಕೆ ಮೇಷ್ಟ್ರಿಗೆ ಉಪ್ಪಿಲ್ಲದ ಊಟ. ಹಾಗಾಗಿ ಮೇಲೊಂದು ಹೊಗಳಿಕೆ ಬರೆದರೆ, ಕೆಳಗೆ ಟಿಪ್ಪಣಿಯ ಜಾಗದಲ್ಲಿ ಒಂದು ನಿಜ ಬರೆಯುತ್ತಿದ್ದರು. ಸಂಜೆ ಅದನ್ನು ಹೇಳಿ ಹೆಂಡತಿಯನ್ನು ನಗಿಸುತ್ತಿದ್ದರು. ನಾಲ್ಕನೆಯ ಸ್ಲೈಡಿನ ಮೇಲೆ, ‘ಸಮಯಪಾಲನೆಯೇ ಮೂರ್ತಿವೆತ್ತಂತೆ.’ ಕೆಳಗೆ, ‘ಗಂಟೆ ಎರಡಾದರೆ ಕೋಣೆಯ ಬಾಗಿಲು ಮುಚ್ಚುತ್ತದೆ, ಇಪ್ಪತ್ತು ನಿಮಿಷ ಗೊರಕೆ ಕೇಳುತ್ತದೆ. ಒಂದು ದಿನವೂ ಸಮಯ ತಪ್ಪಿಲ್ಲ.’ ಇನ್ನೊಂದರ ಮೇಲೆ, ‘ಕಠಿಣ ಶಿಸ್ತು.’ ಕೆಳಗೆ, ‘ಮಕ್ಕಳನ್ನು ಗದರಿಸಿ ಕಳಿಸಿ, ಬಾಗಿಲ ಹಿಂದೆ ನಿಂತು ನಗುತ್ತಾರೆ.’ ಹನ್ನೆರಡನೆಯದಕ್ಕೆ ಮಾತ್ರ ತಮಾಷೆ ಹುಟ್ಟಿರಲಿಲ್ಲ: ‘ಇವರು ಹೋದ ಮೇಲೆ ಬೈದುಕೊಳ್ಳಲು ನಮಗೆ ಯಾರಿದ್ದಾರೆ?’

ಅಳಿಸಿಬಿಡಬಹುದಿತ್ತು. ಕೈ ಬರಲಿಲ್ಲ. ಕೊನೆಯ ಮೂರನ್ನು ಹೆಂಡತಿ ಇನ್ನೂ ಕೇಳಿರಲಿಲ್ಲ.

ಆದರೆ ಕಳೆದ ತಿಂಗಳು ಡ್ರಿಲ್ ಮಾಸ್ತರರಿಗೆ ಆದದ್ದು ಕಣ್ಣ ಮುಂದೆಯೇ ಇತ್ತು. ಬಹುಮಾನ ಹಂಚುವ ದಿನ ಅವರ ಫೈಲು ಅರೆಬರೆ ತೆರೆದುಕೊಂಡು, ಸ್ಲೈಡಿನ ಕೆಳಗೆ ‘ಇಲ್ಲಿ ಕೆಮ್ಮಿ ಕಣ್ಣೊರೆಸಿಕೊಳ್ಳುವುದು’ ಎಂದಿದ್ದದ್ದನ್ನು ಇಡೀ ಸಭಾಂಗಣ ಓದಿತು. ಒಂದು ವಾರ ಮಕ್ಕಳು ಅವರನ್ನು ಕಂಡಲ್ಲೆಲ್ಲ ಕೆಮ್ಮಿದರು.

ಡ್ರಿಲ್ ಮಾಸ್ತರರದು ಕಾಯಂ ಕೆಲಸ, ಕೆಮ್ಮಿನಲ್ಲೇ ಮುಗಿಯಿತು. ವಿಜ್ಞಾನದ ಮೇಷ್ಟ್ರದು ಒಂದು ವರ್ಷದ ಪರೀಕ್ಷಾವಧಿ. ಉಳಿಸಿಕೊಳ್ಳಬೇಕೋ ಬೇಡವೋ ಎಂದು ಬರೆಯುವವರು ಹೆಡ್‌ಮಾಸ್ತರರೇ. ಹೆಂಡತಿ ಹೊಸ ಮನೆಯ ಕಿಟಕಿಗೆ ಪರದೆ ಹೊಲಿದು ಮಡಿಸಿಟ್ಟಿದ್ದಳು. ಸಹಿ ಬೀಳಲಿ, ಆಮೇಲೆ ತೂಗುಹಾಕೋಣ ಎಂದು.

ಚೀಟಿ ಬರೆದವರು ಯಾರು? ಯೋಚಿಸಲು ಹೆಚ್ಚೇನಿರಲಿಲ್ಲ. ಶಾಲೆಯಲ್ಲಿ ಆ ಯಂತ್ರವನ್ನು ಚೆನ್ನಾಗಿ ಬಲ್ಲವರು ಇಬ್ಬರೇ, ಮೇಷ್ಟ್ರು ಮತ್ತು ಆಫೀಸಿನ ಅಕ್ಕ. ಅಕ್ಕನ ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ಲು. ಹೆಡ್‌ಮಾಸ್ತರರು ಹೇಳುವುದು, ಅಕ್ಕ ಟೈಪು ಮಾಡುವುದು, ಅವರು ಸಹಿ ಹಾಕುವುದು. ಇದೇ ಅಲ್ಲಿನ ಪದ್ಧತಿ. ಸಹಿ ಬಿಟ್ಟರೆ ಅವರ ಅಕ್ಷರವನ್ನೇ ಯಾರೂ ಕಂಡಿರಲಿಲ್ಲ.

ಮೇಷ್ಟ್ರು ಚೀಟಿಯಲ್ಲಿದ್ದಂತೆ ಮಾಡಿದರು. ಅಷ್ಟರಲ್ಲಿ ಬೀಗದ ಕೈಗಳ ಸದ್ದು. ಚೀಟಿ ಜೇಬು ಸೇರಿತು.

“ಏನಪ್ಪ, ಮುಗೀತಾ?” ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ದಿನಾ ಸಂಜೆ ಆ ಕೋಣೆಗೆ ಬೀಗ ಹಾಕುವವರು ಅವರೇ.

“ಮುಗೀತು ಸರ್.”

“ಬರೀ ಒಳ್ಳೇದೇ ಬರೀಬೇಡ. ಜನ ನಿದ್ದೆ ಮಾಡಿಬಿಡ್ತಾರೆ.”

“ಇಲ್ಲ ಸರ್. ಅಂದ್ರೆ, ಹೌದು ಸರ್.”

“ನಮಗೆಲ್ಲಿ ಅರ್ಥವಾಗ್ಬೇಕು ಇದು. ಇದರ ಮುಂದೆ ನಾನಿನ್ನೂ ಒಂದನೇ ಕ್ಲಾಸು.” ಮಲಗಿದ ಮಗುವಿಗೆ ಹೊದಿಸುವಂತೆ ಅವರು ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. “ನೀನು ಹೊರಡಪ್ಪ. ನಾನು ಬೀಗ ಹಾಕ್ಕೊಂಡು ಬರ್ತೀನಿ.”

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಮೇಷ್ಟ್ರು ದೇವರನ್ನು ನೆನೆದು ಮೌಸಿನ ಮೇಲೆ ಎರಡು ಸಲ ಒತ್ತಿದರು. ಪರದೆ ಒಂದು ಗಳಿಗೆ ಕಪ್ಪಾಯಿತು. ಆಮೇಲೆ ಹೆಡ್‌ಮಾಸ್ತರರ ನಗುಮುಖ ಗೋಡೆಯಗಲ ಅರಳಿತು. ಕೆಳಗೆ ಒಂದಕ್ಷರವೂ ಇರಲಿಲ್ಲ.

ಅಲ್ಲಿಂದ ಮುಂದೆ ನೀರು ಕುಡಿದಷ್ಟು ಸಲೀಸು. ನಾಲ್ಕನೆಯ ಸ್ಲೈಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು; ಹೆಡ್‌ಮಾಸ್ತರರು ಮಾತ್ರ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು, ಭುಜ ಕುಲುಕಿತು. ಪಾಪ, ಅಳುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು. ಹನ್ನೆರಡನೆಯದು ಬಂದಾಗ ಹೆಡ್‌ಮಾಸ್ತರರು ನಿಜಕ್ಕೂ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಅವರು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. “ಅದನ್ನ ನನಗೊಂದು ಪೆನ್‌ಡ್ರೈವಿಗೆ ಹಾಕ್ಕೊಡು. ಮನೇಲಿ ನೋಡ್ತಾ ಕೂತಿರ್ತೀನಿ.”

“ಧಾರಾಳವಾಗಿ ಸರ್.” ಶೋ ಆಗಿಬಿಟ್ಟ ಫೈಲು ಅಂಟಿಸಿದ ಲಕೋಟೆ ಇದ್ದಂತೆ, ಒಳಗಿನದು ಯಾರಿಗೆ ಕಂಡೀತು? ಮೇಷ್ಟ್ರು ನಗುನಗುತ್ತಲೇ ಹಾಕಿಕೊಟ್ಟು, ಸೀದಾ ಆಫೀಸಿಗೆ ಹೋದರು.

“ಅಕ್ಕಾ, ನೀವು ನನ್ನ ಮಾನ ಉಳಿಸಿದ್ರಿ.”

ಅಕ್ಕ ತಲೆಯೆತ್ತಿದರು. “ನಿಮ್ಮ ಮಾನ ನನ್ನ ಕೈಗೆ ಯಾವಾಗ ಬಂತು ಮೇಷ್ಟ್ರೇ? ನನ್ನ ಹತ್ರ ಇರೋದು ಈ ಲಕೋಟೆ ಒಂದೇ. ಮೊನ್ನೆಯೇ ಅಂಟಿಸಿ ಕೊಟ್ಟಿದ್ರು ದೊಡ್ಡೋರು. ಎಲ್ಲಾ ಮುಗಿದ್ಮೇಲೆ ಕೊಡಿ ಅಂದಿದ್ರು.”

ಉಪಕಾರ ಮಾಡಿಯೂ ಹೇಳಿಕೊಳ್ಳದ ಹೆಂಗಸು ಎಂದು ಮನಸ್ಸಿನಲ್ಲೇ ಕೈಮುಗಿದು, ಮೇಷ್ಟ್ರು ಲಕೋಟೆ ಒಡೆದರು. ಟೈಪು ಮಾಡಿದ ಒಂದೇ ಸಾಲು, ‘ಇವರನ್ನು ಕೆಲಸದಲ್ಲಿ ಕಾಯಂಗೊಳಿಸತಕ್ಕದ್ದು.’ ಕೆಳಗೆ ಸಹಿ. ಅವರ ಕಣ್ಣಿನಲ್ಲಿ ಪರದೆ ಆಗಲೇ ಕಿಟಕಿಯೇರಿ ಗಾಳಿಗೆ ಆಡುತ್ತಿತ್ತು.

ಹಾಳೆಯ ಹಿಂದೆ ಇನ್ನೇನೋ ಪಿನ್ನು ಮಾಡಿತ್ತು. ತಿರುಗಿಸಿದರು. ಒಂದು ಚೀಟಿ. ಪೆನ್ಸಿಲ್ಲಿನ ಬರಹ, ಕೊನೆಯಲ್ಲಿ ಒಂದು ಪುಟ್ಟ ಸೊನ್ನೆ.

“ನಾಲ್ಕನೆಯ ಸ್ಲೈಡಿನ ಅಡಿಯಲ್ಲಿ ಒಂದು ತಪ್ಪಿದೆ, ತಿದ್ದಿಕೊಳ್ಳಪ್ಪ; ಇಪ್ಪತ್ತು ನಿಮಿಷವಲ್ಲ, ನಲವತ್ತು.”