ಕುಪ್ಪುಸ್ವಾಮಿ ಕಚ್ಚಿದ ಕಾರ್ನೆಟ್

ಕುಪ್ಪುಸ್ವಾಮಿ ತಾನು ಆಗಷ್ಟೇ ರಿಪೇರಿ ಮಾಡಿದ ಕಾರ್ನೆಟ್ ತುತ್ತೂರಿಯ ಬಾಯಿಯ ಹಿತ್ತಾಳೆ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಊದು ಎಂದು ಸನ್ನೆ ಮಾಡಿದ.

"ರಿಪೇರಿಗೆ ಅಂತ ಬೇತಮಂಗಲದಿಂದ ಉರಿಗಾಂಗೆ ಬಂದ್ರೆ, ಕಬ್ಬು ಕಚ್ಚಿದಂಗೆ ಕಚ್ತಾನಲ್ಲಮ್ಮಾ!" ಎಂದು ಬ್ಯಾಂಡಿನ ಮುನಿಸ್ವಾಮಪ್ಪ ರೇಗಿದ. "ಸಂಜೆ ಬಂಗಾರಪೇಟೆ ಮದುವೇಲೂ ಇದು ಗೊರಗೊರ ಅಂದ್ರೆ ಬ್ಯಾಂಡ್ ಮೇಸ್ತ್ರಿ ನನ್ನ ಓಡಿಸ್ತಾನೆ. ಆಮೇಲೆ ಮನೇಲಿ ಕೂತು ಒಲೆ ಊದ್ಬೇಕು."

"ಊದಣ್ಣಾ," ಎಂದಳು ಕುಪ್ಪುಸ್ವಾಮಿಯ ಹೆಂಡತಿ ಅಮ್ಮಾಜಮ್ಮ. "ಚಿನ್ನದ ಗಣೀಲಿ ಮದ್ದು ಸಿಡಿದು ಇವರ ಕಿವಿ ಕೆಟ್ಟೋಯ್ತು. ಈಗ ಹಲ್ಲಿನಾಗೇ ಕೇಳಿಸ್ಕೊಳ್ತಾರೆ."

ಮುನಿಸ್ವಾಮಪ್ಪ ಊದಿದ. ಗೊರಗೊರ ಹೋಗಿ ಸ್ವರ ಚೆನ್ನಾಗಿಯೇ ಬಂತು. ಆದರೆ ಕುಪ್ಪುಸ್ವಾಮಿ ತಲೆಯಾಡಿಸಿ, "ಕೊಳವೆ ಬಾಗಿರೋ ಕಡೆ ಇನ್ನೂ ಅದುರ್ತದಪ್ಪಾ," ಎಂದ. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಗಣಿಯ ಗಿರಣಿಯಲ್ಲಿ ಅದಿರು ಅರೆದು ಗೋಲಿಯಷ್ಟಾಗಿ ಸವೆದಿದ್ದ ಉಕ್ಕಿನ ಗುಂಡೊಂದನ್ನು ಅವನು ಕೊಳವೆಯೊಳಗೆ ಬಿಟ್ಟು, ಆ ಬಾಗಿನಲ್ಲಿ ಹಿಂದೆ ಮುಂದೆ ಉರುಳಿಸಿ ನೆಗ್ಗು ತೆಗೆದ. ಮತ್ತೆ ಅಂಚು ಕಚ್ಚಿದ.

ಮುನಿಸ್ವಾಮಪ್ಪ ಮತ್ತೆ ಊದಿದ. ತನ್ನ ಅಪ್ಪ ಇದೇ ಕಾರ್ನೆಟ್ ಊದುತ್ತಿದ್ದಾಗ ಕೇಳಿದ್ದ ನಾದ, ತಾನು ಎಂದೂ ಹೊರಡಿಸಲಾಗದಿದ್ದ ನಾದ, ತುಂಬಿ ಬಂತು. ಎದುರಿಗೆ ಕುಪ್ಪುಸ್ವಾಮಿ ಕಣ್ಣು ಮುಚ್ಚಿ, ಅಂಚು ಬಿಡದೆ ಕೇಳುತ್ತಿದ್ದ. ಊದುತ್ತಲೇ ಮುನಿಸ್ವಾಮಪ್ಪ ಕಾಲಿನ ಚಪ್ಪಲಿ ಕಳಚಿದ.