ಗದ್ದಲದಲ್ಲೊಂದು ನಿದ್ದೆ

ಅತ್ತೆ ತೀರಿಕೊಂಡ ಮೇಲೆ ವಸುಧಾ ಗಂಡ, ಮಗಳೊಂದಿಗೆ ಹೊರಗೆ ಹೊರಟದ್ದು ಅದೇ ಮೊದಲು. ಹಾಸಿಗೆ ಹಿಡಿದ ಅತ್ತೆಗೆ ಕೊನೆಯ ಮೂರು ವರ್ಷ ಮಾತೂ ನಿಂತುಹೋಗಿತ್ತು. ಏನು ಬೇಕಾದರೂ ಮಂಚದ ಸರಳಿಗೆ ಸ್ಟೀಲ್ ಲೋಟ ಬಡಿಯುತ್ತಿದ್ದರು. ವಸುಧಾ ಓಡಿ ಹೋಗುತ್ತಿದ್ದಳು.

"ಫೈಟಿಂಗ್ ಸಿನಿಮಾ ನನಗ್ಯಾಕ್ರೀ? ನೀವು ಹೋಗ್ಬನ್ನಿ, ನಾನು ಸ್ವಲ್ಪ ಮಲಗ್ತೀನಿ."

"ಮನೇಲಿ ನಿಂಗೆ ನಿದ್ದೆ ಎಲ್ಲಿ ಬರುತ್ತೆ? ಕಣ್ಣು ಬಿಟ್ಕೊಂಡು ಸೂರು ನೋಡ್ತಿರ್ತೀಯ. ಬಾ ಸುಮ್ನೆ," ಎಂದ ಗಂಡ.

ಹೀರೊ ಮೊದಲ ಜೀಪನ್ನು ಉರುಳಿಸುವಷ್ಟರಲ್ಲಿ ಅವಳ ತಲೆ ಗಂಡನ ಭುಜಕ್ಕೆ ಒರಗಿತು. ಬಾಂಬು ಸಿಡಿಯಿತು, ಸೇತುವೆ ಕುಸಿಯಿತು, ಜನ ಶಿಳ್ಳೆ ಹೊಡೆದರು. ಅವಳು ಮಿಸುಕಲಿಲ್ಲ.

"ಅಪ್ಪಾ, ಅಮ್ಮ ಗೊರಕೆ ಹೊಡೀತಿದಾಳೆ!" ಮಗಳು ಕಿಸಕ್ಕೆಂದಳು. "ಎಬ್ಬಿಸ್ಲಾ? ಟಿಕೆಟ್ ದಂಡ."

"ಬೇಡ ಕಣೆ. ಈ ಗಲಾಟೇಲಾದ್ರೂ ಮಲಗ್ಲಿ, ಪಾಪ. ಎಷ್ಟು ದಿನ ಆಯ್ತೋ ಅವಳು ಹೀಗೆ ಮಲಗಿ."

ಭುಜ ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ. ಮಗಳಿಗೆ ಬಾಯಾರಿತ್ತು. ನೀರಿನ ಸ್ಟೀಲ್ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ಸಡಿಲವಾಗಲೆಂದು ಅದನ್ನು ಕುರ್ಚಿಯ ಕಬ್ಬಿಣದ ಕೈಗೆ ಮೆಲ್ಲಗೆ ಎರಡು ಸಲ ತಟ್ಟಿದಳು. ಪರದೆಯ ಮೇಲೆ ಹೆಲಿಕಾಪ್ಟರ್ ಸಿಡಿಯುತ್ತಿತ್ತು.

ವಸುಧಾ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ನಿಂತಿದ್ದಳು. "ಬಂದೆ ಅತ್ತೆ."